ಮೆಥಡೋನ್ ಒಂದೇ ವಾರದಲ್ಲಿ ನಿಲ್ಲಿಸಬಹುದಾ?

ಹೊರದೇಶದಿಂದ ಉಡುಪಿಗೆ ಬಂದಿರೋ ತಮ್ಮ ದಿನಾ 40 ಮಿಲಿಗ್ರಾಂ ಮೆಥಡೋನ್ (ಹೆರಾಯಿನ್‌ನಂಥ ಚಟ ಬಿಡಿಸೋಕೆ ಕೊಡೋ ಅಫೀಮು ಜಾತಿಯ ಮದ್ದು) ತಗೊಳ್ತಾನೆ, ಒಂದೇ ವಾರದಲ್ಲಿ ನಿಲ್ಲಿಸಬಹುದಾ ಅಂತ ಕೇಳಿದ್ರಿ. ಬೇಡ ಮಾರಾಯ್ರೆ. ಈ ಮದ್ದು ಮೈಯಿಂದ ಇಳಿಯೋದೇ ನಿಧಾನ, ಅರ್ಧ ಇಳಿಯೋಕೇ ಸುಮಾರು ಒಂದು ಒಂದೂವರೆ ದಿನ ಬೇಕು, ಹಾಗಾಗಿ ನಿಲ್ಸಿದ ಮೊದಲ ದಿನ ಎಂತದೂ ಆಗ್ಲಿಲ್ಲ ಅಂತ ಖುಷಿಪಟ್ರೆ ಎರಡು ಮೂರನೇ ದಿನಕ್ಕೆ ಮದ್ದು ಬಿಟ್ಟ ಕಷ್ಟ ಶುರುವಾಗ್ತದೆ, ಹೆರಾಯಿನ್‌ಗಿಂತ ತಡವಾಗಿ ಬಂದು ಎರಡು ಮೂರು ವಾರ ಎಳೀತದೆ. ಆಕಳಿಕೆ, ಮೂಗು ಸೋರೋದು, ಭೇದಿ, ರಾತ್ರಿ ಕಾಲು ಒಂದು ಕಡೆ ಇರೋದೇ ಇಲ್ಲ, ಏಪ್ರಿಲ್ ಸೆಕೆಯಲ್ಲೂ ಹೊದ್ದು ನಡುಗೋದು.

ಡಾಕ್ಟ್ರು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10 ಇಳಿಸ್ತಾರೆ, ಕಷ್ಟ ಆದ್ರೆ ಸ್ವಲ್ಪ ದಿನ ಅದೇ ಡೋಸಲ್ಲಿ ಇಡ್ತಾರೆ. ತಿಂಗಳುಗಟ್ಟಲೆ ಹಿಡೀತದೆ. ಬಿಡಲೇಬೇಕು ಅಂತಾನೂ ಇಲ್ಲ ಬಿಡಿ, ವರ್ಷಗಟ್ಟಲೆ ತಗೊಂಡು ಕೆಲಸ ಸಂಸಾರ ನೋಡ್ಕೊಳ್ಳೋರು ಉಂಟು.

ಭೇದಿಗೆ ಕುಚ್ಚಲಕ್ಕಿ ಗಂಜಿತಿಳಿಗೆ ಉಪ್ಪು ಹಾಕಿ ಕೊಡಿ, ಬೊಂಡ (ಎಳನೀರು), ಓಆರ್‌ಎಸ್ ಸಹ. ಈ ಕಷ್ಟ ಕಮ್ಮಿ ಮಾಡೋಕೆ ಡಾಕ್ಟ್ರು ಕೊಡೋ ಕ್ಲೋನಿಡಿನ್ ಬಿಪಿ ಇಳಿಸ್ತದೆ, ಮೆಡಿಕಲ್‌ನಿಂದ ನೀವೇ ತರೋ ಮದ್ದಲ್ಲ ಅದು. ನಂಗೆ ಹೆದರಿಕೆ ಇರೋದು ಬೇರೆದಕ್ಕೆ: ಕೆಲವು ವಾರ ಬಿಟ್ಟು ತಡೀಲಾರದೆ ಮತ್ತೆ ಹಳೇ ಡೋಸೇ ತಗೊಂಡ್ರೆ ಉಸಿರೇ ನಿಲ್ಬಹುದು, ಮೈಗೆ ಮೊದಲಿನ ತಾಳಿಕೆ ಇರೋದಿಲ್ಲ. ಇರೋ ಮಾತ್ರೆ ಮುಗಿಯೋ ಮೊದಲೇ ಹಳೇ ಚೀಟಿ ಹಿಡ್ಕೊಂಡು ಮನೋರೋಗ ಡಾಕ್ಟ್ರನ್ನ ನೋಡಿ, ಮಂಗಳೂರಲ್ಲಾದ್ರೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಉಂಟು. ವ್ಯಸನಮುಕ್ತಿ ಸಹಾಯವಾಣಿ 14446, ಫ್ರೀ.