'ಕೊನೆಯ ಗಂಟೆ' ಕಥೆಯ ಲೇಖಕರಿಗೆ

ನಮಸ್ಕಾರ.

ನೀವು ಕಳಿಸಿದ 'ಕೊನೆಯ ಗಂಟೆ' ಕಥೆಯನ್ನು ಬಳಗದ ಎಲ್ಲರೂ ಓದಿದ್ದೇವೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳುವ ಕಥೆಯೂ ಇದಲ್ಲ. ಆದ್ದರಿಂದ ಎಲ್ಲೆಲ್ಲಿ ಎಡವಿದ್ದೀರಿ, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಕಥೆ ಇಷ್ಟು. ಅಪ್ಪನ ಎಚ್-1ಬಿ ವೀಸಾದ ಹಿಂದೆ ಒಂಬತ್ತನೇ ವಯಸ್ಸಿಗೆ ಫಿಲಡೆಲ್ಫಿಯಾಕ್ಕೆ ಬಂದ ನಿಖಿಲ್, ಅಲ್ಲಿನ ಒಂದು ಕ್ಯಾಥೊಲಿಕ್ ಹುಡುಗರ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಓದುತ್ತಾನೆ. 2019ರ ಮೇ 30ರಂದು ಬೀಳ್ಕೊಡುಗೆಯ ಬಲಿಪೂಜೆ (ಚರ್ಚಿನ ಮಾಸ್), 31ರಂದು ಪದವಿ ಸಮಾರಂಭ, ಟೋಪಿಗಳು ಆಕಾಶಕ್ಕೆ ಹಾರುತ್ತವೆ. ಅದೇ ರಾತ್ರಿ ಗೆಳೆಯನ ಕಾರು ಅಪಘಾತಕ್ಕೀಡಾಗುತ್ತದೆ. ಕಥೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಮುಗಿಯುತ್ತದೆ.

ನೇರವಾಗಿ ಹೇಳುತ್ತೇವೆ: ನೀವು ಬರೆದಿರುವುದು ಸಮಾರಂಭದ ಕಥೆ. ಹುಡುಗನ ಕಥೆ ಏಳನೇ ಪುಟದ ಎರಡು ವಾಕ್ಯಗಳಲ್ಲಿ ಸಿಕ್ಕಿಹಾಕಿಕೊಂಡಿದೆ. "ರಿಟ್ರೀಟಿನಲ್ಲಿ, ತಾನು ಕಾಯುತ್ತಿದ್ದ ಅಪ್ಪನ ಪತ್ರ ಕೊನೆಗೂ ಕೈಸೇರಿತು. ಅವನ ಕಣ್ಣು ತುಂಬಿ ಬಂತು." ಇಷ್ಟು ಬರೆದು ಮುಂದಕ್ಕೆ ಓಡಿದ್ದೀರಿ. ನಮಗೆ ಬೇಕಿರುವ ಕಥೆ ಅಲ್ಲೇ ಇದೆ. ಆದರೆ ಆ ಎರಡು ವಾಕ್ಯಗಳಲ್ಲೂ ಒಂದು ದೊಡ್ಡ ತಪ್ಪಿದೆ.

ನೀವು ಹೇಳುತ್ತಿರುವುದು ಅಲ್ಲಿನ ಬಹಳಷ್ಟು ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ನಡೆಯುವ 'ಕೈರೋಸ್' ಎಂಬ ರಿಟ್ರೀಟು, ಅಂದರೆ ಧ್ಯಾನಶಿಬಿರ. ಸಾಮಾನ್ಯವಾಗಿ ನಾಲ್ಕು ದಿನ, ಮೂರು ರಾತ್ರಿ. ಊರಾಚೆಯ ಒಂದು ಧ್ಯಾನಕೇಂದ್ರಕ್ಕೆ ಹುಡುಗರನ್ನು ಬ್ಯಾಚುಗಳಲ್ಲಿ ಕರೆದೊಯ್ಯುತ್ತಾರೆ. ಹೋದ ಕೂಡಲೇ ಮೊಬೈಲು, ವಾಚು ಎರಡನ್ನೂ ತೆಗೆದಿಟ್ಟುಕೊಳ್ಳುತ್ತಾರೆ, ಗಂಟೆ ಎಷ್ಟಾಯಿತೆಂದು ಯಾರಿಗೂ ತಿಳಿಯಬಾರದು. ಅಲ್ಲಿ ಮಾತಾಡುವವರು ಹೆಚ್ಚಾಗಿ ಹಿಂದಿನ ಬ್ಯಾಚಿನಲ್ಲಿ ಹೋಗಿಬಂದ ವಿದ್ಯಾರ್ಥಿಗಳು. ತಮ್ಮ ಮಾತನ್ನು ವಾರಗಟ್ಟಲೆ ಮೊದಲೇ ಬರೆದು, ಶಿಕ್ಷಕರ ಮುಂದೆ ಓದಿ, ತಿದ್ದಿಕೊಂಡು ಬಂದಿರುತ್ತಾರೆ. ನಂತರ ಸಣ್ಣ ಗುಂಪುಗಳಲ್ಲಿ ಚರ್ಚೆ. ಇದೆಲ್ಲದರ ನಡುವೆ ಒಂದು ರಾತ್ರಿ, ಪ್ರತಿ ಹುಡುಗನಿಗೂ ಅವನ ಮನೆಯವರು ಬರೆದ ಪತ್ರಗಳ ಕಟ್ಟು ಸಿಗುತ್ತದೆ.

ಆ ಪತ್ರಗಳು ಬರುತ್ತವೆಂಬುದು ಹುಡುಗನಿಗೆ ಗೊತ್ತಿರಬಾರದು. ಇಡೀ ಏರ್ಪಾಡು ನಿಂತಿರುವುದೇ ಆ ಗುಟ್ಟಿನ ಮೇಲೆ. ವಾರಗಳ ಮೊದಲೇ ಶಾಲೆಯ ಧಾರ್ಮಿಕ ಚಟುವಟಿಕೆ ನೋಡಿಕೊಳ್ಳುವ ಕ್ಯಾಂಪಸ್ ಮಿನಿಸ್ಟ್ರಿ ಕಚೇರಿಯಿಂದ ತಂದೆತಾಯಿಗೆ ಸೂಚನೆ ಹೋಗುತ್ತದೆ: ಮಗನಿಗೆ ತಿಳಿಯದಂತೆ ಪತ್ರ ಬರೆಯಿರಿ, ಲಕೋಟೆ ಅಂಟಿಸಿ, ಹೆಸರು ಬರೆದು, ಇಂಥ ದಿನದೊಳಗೆ ತಲುಪಿಸಿ. ಹೋಗಿಬಂದ ಹುಡುಗರೂ ಕಿರಿಯರಿಗೆ ಬಾಯಿಬಿಡುವುದಿಲ್ಲ. ಅಣ್ಣ ಅದೇ ಶಾಲೆಯಲ್ಲಿ ಓದಿದ್ದರೆ ಸುಳಿವು ಸಿಕ್ಕಿರಬಹುದು, ಆದರೆ ನಿಖಿಲ್ ಮನೆಯ ಹಿರಿಮಗ. ಅವನು ಕಾಯಲು ಸಾಧ್ಯವೇ ಇಲ್ಲ. ಅವನು ಏನನ್ನೂ ನಿರೀಕ್ಷಿಸದೆ ಕೂತಿದ್ದಾಗ ಆ ಕಟ್ಟು ಮಡಿಲಿಗೆ ಬರಬೇಕು, ಮೇಲಿನ ಲಕೋಟೆಯ ಮೇಲೆ ತನ್ನ ಹೆಸರು ಅಪ್ಪನ ಕೈಬರಹದಲ್ಲಿರುವುದನ್ನು ನೋಡಬೇಕು.

ಈಗ ಅಪ್ಪನ ಕಡೆಯಿಂದ ಯೋಚಿಸಿ. ನಿಮ್ಮ ಕಥೆಯಲ್ಲಿ ಅವರು ಮಿತಭಾಷಿ. ಮಗನ ಜೊತೆ ಅವರ ಮಾತೆಲ್ಲ ಅಂಕ, ಊಟ, ಕಾರಿನ ಕೀಲಿ ಇಷ್ಟರಲ್ಲೇ ಮುಗಿಯುತ್ತದೆ. ಅಂಥವರಿಗೆ ಶಾಲೆಯಿಂದ ಇಮೇಲ್ ಬರುತ್ತದೆ, ಮಗನ ಬಗ್ಗೆ ಮನಸ್ಸಿನಲ್ಲಿರುವುದನ್ನು ಬರೆಯಿರಿ ಎಂದು. ಅವರು ಯಾವ ಭಾಷೆಯಲ್ಲಿ ಬರೆಯುತ್ತಾರೆ? ಒಂಬತ್ತಕ್ಕೇ ಊರುಬಿಟ್ಟ ಹುಡುಗ ಕನ್ನಡವನ್ನು ಎಷ್ಟು ವೇಗವಾಗಿ ಓದಬಲ್ಲ? ಇಂಗ್ಲಿಷಿನಲ್ಲಿ ಬರೆದರೆ ಕಚೇರಿಯ ಪತ್ರದಂತೆ ಆಗಿಬಿಡುತ್ತದೆಯೇ? ಮೊದಲ ಕರಡನ್ನು ಹೆಂಡತಿಗೆ ತೋರಿಸುತ್ತಾರೆಯೇ? ಮೂರು ಪುಟ ಇದರ ಮೇಲೆ ಖರ್ಚು ಮಾಡಿ, ಯಾರೂ ಬೇಡವೆನ್ನುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಪತ್ರದ ಪೂರ್ಣಪಾಠವನ್ನು ಕಥೆಯಲ್ಲಿ ಕೊಡಬೇಡಿ. ಎರಡು ಮೂರು ವಾಕ್ಯ ಸಾಕು. ಅವು ಉಪದೇಶದ ವಾಕ್ಯಗಳಾಗದೆ, ಅಪ್ಪ ಕಂಡು ಸುಮ್ಮನಿದ್ದ ಯಾವುದೋ ಒಂದು ಸಣ್ಣ ಸಂಗತಿಯ ವಾಕ್ಯಗಳಾಗಿರಲಿ.

ಕೈರೋಸನ್ನು ಸಮಾರಂಭದ ಹಿಂದಿನ ವಾರಕ್ಕೆ ಇಟ್ಟಿದ್ದೀರಿ. ಆಗ ಕೊನೆಯ ವರ್ಷದವರಿಗೆ ಪರೀಕ್ಷೆ ಮುಗಿದು, ತಾಲೀಮು, ಬಾಕಿ ತೀರಿಸುವುದು, ಲಾಕರ್ ಖಾಲಿ ಮಾಡುವುದು ಇವೇ ಇರುತ್ತವೆ. ಅಕ್ಟೋಬರಿಗೋ ಫೆಬ್ರವರಿಗೋ ಸರಿಸಿ. ಹಾಗೆ ಮಾಡಿದರೆ ಇನ್ನೊಂದು ಲಾಭವಿದೆ: ಪತ್ರ ಓದಿದ ಮೇಲೂ ತಂದೆ ಮಗ ಒಂದೇ ಮನೆಯಲ್ಲಿ ತಿಂಗಳುಗಟ್ಟಲೆ ಇರಬೇಕು, ಅದೇ ಅಂಕ, ಊಟ, ಕಾರಿನ ಕೀಲಿಯ ಮಾತಾಡುತ್ತ.

ಇನ್ನು ಶಾಲೆಯ ವಿಷಯ. ನಿಮ್ಮ ಶಾಲೆಯನ್ನು ಯಾವ ಕ್ಯಾಥೊಲಿಕ್ ಸನ್ಯಾಸಿ ಸಭೆ ನಡೆಸುತ್ತಿದೆ ಎಂಬುದನ್ನು ನೀವೇ ನಿರ್ಧರಿಸಿಕೊಂಡಂತಿಲ್ಲ. ಎರಡನೇ ಪುಟದಲ್ಲಿ ಹುಡುಗರು ಉತ್ತರಪತ್ರಿಕೆಯ ತಲೆಯ ಮೇಲೆ 'ಎ.ಎಂ.ಡಿ.ಜಿ.' ಎಂದು ಬರೆಯುತ್ತಾರೆ. ಅದು ಜೆಸ್ವಿಟ್ ಸಭೆಯ ಶಾಲೆಗಳ ರೂಢಿ, ದೇವರ ಹೆಚ್ಚಿನ ಮಹಿಮೆಗಾಗಿ ಎಂಬ ಲ್ಯಾಟಿನ್ ವಾಕ್ಯದ ಮೊದಲಕ್ಷರಗಳು. ನಾಲ್ಕನೇ ಪುಟದಲ್ಲಿ ಅದೇ ಹುಡುಗರು ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾಸಾಲ್ ಅವರನ್ನು ನೆನೆದು ಪಾಠ ಆರಂಭಿಸುತ್ತಾರೆ. ಅದು 1680ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಲಾಸಾಲ್ ಬ್ರದರುಗಳ ಶಾಲೆಗಳ ಪ್ರಾರ್ಥನೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಆಯ್ಕೆ ಮಾಡಿದ ಮೇಲೆ ಎಷ್ಟೋ ವಿವರಗಳು ತಾವಾಗಿ ದಾರಿಗೆ ಬರುತ್ತವೆ. ಜೆಸ್ವಿಟ್ ಶಾಲೆಯಾದರೆ, ಹೊರಹೋಗುವ ವಿದ್ಯಾರ್ಥಿ ಹೇಗಿರಬೇಕು ಎಂದು ಅಲ್ಲಿನ ಜೆಸ್ವಿಟ್ ಶಾಲೆಗಳು 1980ರಿಂದ ಹೇಳಿಕೊಂಡು ಬಂದಿರುವ ಐದು ಗುಣಗಳನ್ನು ಹುಡುಗರು ನಾಲ್ಕು ವರ್ಷ ಕೇಳಿ ಕೇಳಿ ಬಾಯಿಪಾಠ ಮಾಡಿರುತ್ತಾರೆ: ಬೆಳೆಯಲು ತೆರೆದ ಮನಸ್ಸು, ಬೌದ್ಧಿಕ ಸಾಮರ್ಥ್ಯ, ಧಾರ್ಮಿಕತೆ, ಪ್ರೀತಿ, ನ್ಯಾಯಕ್ಕೆ ಬದ್ಧತೆ. ನಿಮ್ಮ ಪ್ರಾಂಶುಪಾಲರ ಭಾಷಣ ಈ ಐದರ ಸುತ್ತ ಸುತ್ತಿದರೆ ಅದು ಆ ಶಾಲೆಯದ್ದೇ ಭಾಷಣವಾಗುತ್ತದೆ. ಈಗಿರುವುದನ್ನು ಯಾವ ಕಾಲೇಜಿನ ವೇದಿಕೆಯಲ್ಲಾದರೂ ಓದಬಹುದು.

ಲಾಸಾಲ್ ಶಾಲೆಯನ್ನು ಆರಿಸಿಕೊಂಡರೆ ಐದನೇ ಪುಟ ಕೆಡುತ್ತದೆ. ಅಲ್ಲಿ ಒಬ್ಬ ಬ್ರದರ್ ಹುಡುಗನ ಪಾಪನಿವೇದನೆ ಕೇಳಿ ಕ್ಷಮೆ ನೀಡುತ್ತಾರೆ. ಬ್ರದರ್ ಎಂದರೆ ವ್ರತ ತೊಟ್ಟ ಸನ್ಯಾಸಿ, ಗುರುದೀಕ್ಷೆ ಪಡೆದವರಲ್ಲ. ಅವರು ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಅದಕ್ಕೆ ಫಾದರ್ ಬೇಕು. ಎಲ್ಲ ಶಿಕ್ಷಕರಿಗೂ ನಿಲುವಂಗಿ ತೊಡಿಸಿದ್ದೀರಿ, ಅದೂ ಅರ್ಧ ಶತಮಾನದ ಹಿಂದಿನ ಚಿತ್ರ. 2019ರಲ್ಲಿ ಇಂಥ ಶಾಲೆಗಳ ಶಿಕ್ಷಕರಲ್ಲಿ ಬಹುಪಾಲು ಸಂಸಾರಸ್ಥರಾದ ಸಾಮಾನ್ಯ ಗಂಡಸರು, ಹೆಂಗಸರು. ಒಬ್ಬಿಬ್ಬರು ವಯಸ್ಸಾದ ಬ್ರದರ್ ಉಳಿದಿದ್ದರೆ ಹುಡುಗರಿಗೆ ಅವರ ಮೇಲೆ ವಿಶೇಷ ಅಕ್ಕರೆ ಇರುತ್ತದೆ. ಆ ಒಬ್ಬರನ್ನು ಚೆನ್ನಾಗಿ ಬರೆಯಿರಿ, ಸಾಕು.

ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿದ್ದೀರಿ. ಹುಡುಗರ ಶಾಲೆಯಲ್ಲಿ ಅವಳು ಕೂರುವಂತಿಲ್ಲ. ಶಾಲೆಯ ನಾಟಕಕ್ಕೆ, ಪ್ರಾಮ್ ನೃತ್ಯಕ್ಕೆ ಹತ್ತಿರದ ಹುಡುಗಿಯರ ಶಾಲೆಯಿಂದ ಬರುತ್ತಾರೆ, ಅವಳನ್ನು ನಾಟಕದ ತಾಲೀಮಿಗೆ ಕಳಿಸಿ. ಹುಡುಗರು ಒಬ್ಬರನ್ನೊಬ್ಬರು ಹೆಚ್ಚಾಗಿ ಮನೆತನದ ಹೆಸರಿನಿಂದಲೇ ಕೂಗುತ್ತಾರೆ ಎಂಬುದೂ ನೆನಪಿರಲಿ.

ಫಲಿತಾಂಶದ ದಿನ ಎದೆ ಹೊಡೆದುಕೊಳ್ಳುವ ದೃಶ್ಯವನ್ನು ಪೂರ್ತಿ ತೆಗೆಯಿರಿ. ಅಲ್ಲಿ ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಯಂಥದ್ದು ಇಲ್ಲ. ನಾಲ್ಕು ವರ್ಷಗಳ ಕ್ರೆಡಿಟ್ಟು, ಜಿಪಿಎ ಅಂದರೆ ಸರಾಸರಿ ಅಂಕ, ಸಮಾಜಸೇವೆಯ ಗಂಟೆಗಳು, ಪ್ರತಿ ವರ್ಷ ಒಂದು ಥಿಯಾಲಜಿ ವಿಷಯ, ಇವೆಲ್ಲ ಸೇರಿದರೆ ಪದವಿಪತ್ರ. ಕಾಲೇಜಿನ ಉತ್ತರ ಜೂನಿನಲ್ಲಿ ಬರುವುದೂ ಇಲ್ಲ. ಅರ್ಜಿ ಹೋಗುವುದು ನವೆಂಬರ್ 1 ಅಥವಾ ಜನವರಿ 1ರ ಸುಮಾರಿಗೆ, ಉತ್ತರಗಳು ಮಾರ್ಚ್ ಕೊನೆಯ ಹೊತ್ತಿಗೆ ಬಂದು ಮುಗಿದಿರುತ್ತವೆ, ಮುಂಗಡ ಕಟ್ಟಿ ಒಪ್ಪಿಗೆ ತಿಳಿಸಲು ಮೇ 1 ಗಡುವು. ಸಮಾರಂಭದ ದಿನ ಯಾರು ಎಲ್ಲಿಗೆ ಹೋಗುತ್ತಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ ನಿಮ್ಮ ಕಥೆಯ ನಿಜವಾದ ಬಿಕ್ಕಟ್ಟು ಏಪ್ರಿಲ್ ತಿಂಗಳಿನದು. ಒಪ್ಪಿಕೊಂಡ ಮೇಲೂ ಕೊನೆಯ ಅಂಕಪಟ್ಟಿ ಕಾಲೇಜಿಗೆ ಹೋಗುತ್ತದೆ, ಅಂಕ ತೀರಾ ಕುಸಿದರೆ ಸೀಟು ಹಿಂಪಡೆಯುವ ಹಕ್ಕು ಕಾಲೇಜಿಗಿದೆ. ಕೊನೆಯ ತಿಂಗಳುಗಳಲ್ಲಿ ಓದು ಬಿಟ್ಟು ಅಲೆಯುವ ಆ ಗೆಳೆಯನಿಗೆ ಅಪಘಾತಕ್ಕಿಂತ ಈ ಅಪಾಯ ಹೆಚ್ಚು ಹೊಂದುತ್ತದೆ.

ವೀಸಾದ ವಿಷಯದಲ್ಲಿ ನೀವು ತೋರಿಸಿದ ಅಜಾಗರೂಕತೆ ನಮಗೆ ಬೇಸರ ತರಿಸಿತು, ಯಾಕೆಂದರೆ ಇದನ್ನು ಬಲ್ಲ ಓದುಗರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ಅಪ್ಪ ಎಚ್-1ಬಿ ಆದರೆ ನಿಖಿಲ್ ಎಚ್-4, ಅಂದರೆ ಅವಲಂಬಿತರ ವೀಸಾ. ಅವನು ಬೇಸಿಗೆಯಲ್ಲಿ ಐಸ್‌ಕ್ರೀಂ ಅಂಗಡಿಯಲ್ಲಿ ದುಡಿದು ಸಂಬಳ ಪಡೆಯುವಂತಿಲ್ಲ. ಸಹಪಾಠಿಗಳೆಲ್ಲ ದುಡಿಯುವಾಗ ಅವನು ಬಡವರಿಗೆ ಊಟ ಹಾಕುವ ಸೂಪ್ ಕಿಚನ್ನಿನಲ್ಲಿ ಸೇವೆಯ ಗಂಟೆ ಮಾತ್ರ ತುಂಬಬಹುದು. ಅವನು 'ಫಾಫ್ಸಾ' ಅರ್ಜಿ ತುಂಬಿ ಕೇಂದ್ರ ಸರ್ಕಾರದ ಧನಸಹಾಯ ಪಡೆಯುತ್ತಾನೆಂದು ಬರೆದಿದ್ದೀರಿ, ಎಚ್-4 ಹುಡುಗನಿಗೆ ಆ ಸಹಾಯ ಸಿಗುವುದಿಲ್ಲ. ಹದಿನೆಂಟು ತುಂಬಿದ 30 ದಿನದೊಳಗೆ ಗೆಳೆಯರು ಸೆಲೆಕ್ಟಿವ್ ಸರ್ವಿಸ್‌ಗೆ, ಅಂದರೆ ಅಗತ್ಯ ಬಿದ್ದರೆ ಸೇನೆಗೆ ಕರೆಯಬಹುದಾದವರ ಪಟ್ಟಿಗೆ, ಹೆಸರು ಕೊಡಬೇಕು. ಅವನು ಕೊಡಬೇಕಾಗಿಲ್ಲ. ಇಪ್ಪತ್ತೊಂದು ತುಂಬಿದರೆ ಅಪ್ಪನ ವೀಸಾದ ನೆರಳೂ ತಪ್ಪುತ್ತದೆ, ತನ್ನದೇ ವೀಸಾ ಹುಡುಕಿಕೊಳ್ಳಬೇಕು. ನಾಲ್ಕು ವರ್ಷ ಒಂದೇ ಟೈ ಕಟ್ಟಿ ಕೂತ ಹುಡುಗರ ನಡುವಿನ ಅಂತರ ಹೀಗೆ ಕಾಗದಪತ್ರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೇ 1ರ ಮುಂಗಡ ಯಾವ ಕಾಲೇಜಿಗೆ ಎಂದು ಅಪ್ಪ ಲೆಕ್ಕ ಹಾಕುವಾಗ ಇದೆಲ್ಲ ಮೇಜಿನ ಮೇಲಿರಲಿ.

ಬಲಿಪೂಜೆಯ ದೃಶ್ಯ. ಫಾದರ್ ನೇರಳೆ ಉಡುಪಿನಲ್ಲಿದ್ದಾರೆ ಎಂದಿದ್ದೀರಿ. ನೇರಳೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಬಣ್ಣ. 2019ರಲ್ಲಿ ಈಸ್ಟರ್ ಬಂದದ್ದು ಏಪ್ರಿಲ್ 21ಕ್ಕೆ, ಅಲ್ಲಿಂದ ಶುರುವಾಗುವ ಪಾಸ್ಕ ಕಾಲ ಜೂನ್ 9ರವರೆಗೆ ಇತ್ತು, ಉಡುಪು ಬಿಳಿ, ಪೀಠದ ಬಳಿ ಪಾಸ್ಕದ ದೊಡ್ಡ ಮೇಣದಬತ್ತಿ ಉರಿಯುತ್ತಿರಬೇಕು. ನಿಖಿಲ್ ಸಾಲಿನಲ್ಲಿ ಹೋಗಿ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವುದೂ ಆಗದ ಮಾತು. ಕ್ರೈಸ್ತನಲ್ಲದ ಹುಡುಗ ಬೆಂಚಿನಲ್ಲೇ ಉಳಿಯುತ್ತಾನೆ, ಅಥವಾ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು ಮುಂದೆ ಹೋಗಿ ಆಶೀರ್ವಾದವಷ್ಟೇ ಪಡೆಯುತ್ತಾನೆ. ಉಳಿದರೆ, ಮೊಣಕಾಲೂರುವ ಹಲಗೆಯನ್ನು ಮೇಲೆತ್ತಿ, ಕಾಲು ಓರೆ ಮಾಡಿ, ಇಡೀ ಸಾಲಿಗೆ ದಾರಿ ಬಿಡಬೇಕು, ಅವರು ಮರಳಿ ಬಂದಾಗ ಮತ್ತೆ ಹಾಗೇ. ನಾಲ್ಕು ವರ್ಷ ಅವನು ಇದನ್ನು ಮಾಡಿದ್ದಾನೆ. ಕೊನೆಯ ಸಲ ಏನು ಮಾಡುತ್ತಾನೆ ಎಂಬುದು ನಿಮ್ಮ ಕೈಯಲ್ಲಿದೆ.

ದಿನಾಂಕವನ್ನು ನೀವು ಸುಮ್ಮನೆ ಆರಿಸಿಕೊಂಡಿರಬಹುದು, ಆದರೆ ಅದು ನಿಮಗೆ ಒಲಿದಿದೆ. 2019ರ ಮೇ 30 ಗುರುವಾರ, ಕ್ರಿಸ್ತರ ಸ್ವರ್ಗಾರೋಹಣದ ಹಬ್ಬ. ಅಮೆರಿಕದ ಹೆಚ್ಚಿನ ಕಡೆ ಅದನ್ನು ಭಾನುವಾರಕ್ಕೆ ಸರಿಸುತ್ತಾರೆ, ಫಿಲಡೆಲ್ಫಿಯಾದಲ್ಲಿ ಗುರುವಾರವೇ ಆಚರಿಸುತ್ತಾರೆ. ಅಂದಿನ ಮೊದಲ ವಾಚನ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದ್ದು: ಗುರು ಮೋಡದಲ್ಲಿ ಮರೆಯಾದ ಮೇಲೂ ಶಿಷ್ಯರು ಮೇಲೆ ನೋಡುತ್ತಲೇ ಇರುತ್ತಾರೆ, ಬಿಳಿಯುಡುಪಿನ ಇಬ್ಬರು ಬಂದು, ಆಕಾಶ ನೋಡುತ್ತ ಯಾಕೆ ನಿಂತಿದ್ದೀರಿ ಎಂದು ಕೇಳುತ್ತಾರೆ. ನಾಳೆ ಟೋಪಿ ಹಾರಿಸಲಿರುವ ಹುಡುಗರ ಮುಂದೆ ಇದನ್ನು ಓದಲಾಗುತ್ತದೆ. ಓದುವವನು ಅವರಲ್ಲೇ ಒಬ್ಬನಾಗಿರಲಿ. ಓದಿಸಿ ಬಿಟ್ಟುಬಿಡಿ, ವಿವರಿಸಲು ಹೋಗಬೇಡಿ.

ಸಮಾರಂಭದ ತಿದ್ದುಪಡಿಗಳು ಚಿಕ್ಕವು. ಟೋಪಿಯ ಕುಚ್ಚು ಮೊದಲು ಬಲಗಡೆ ಇರುತ್ತದೆ, ಪದವಿ ಘೋಷಿಸಿದ ಮೇಲೆ ಎಡಕ್ಕೆ ಬರುತ್ತದೆ, ನೀವು ತಿರುವುಮುರುವು ಮಾಡಿದ್ದೀರಿ. ಎಷ್ಟೋ ಹುಡುಗರ ಶಾಲೆಗಳಲ್ಲಿ ನಿಲುವಂಗಿ, ಟೋಪಿ ಇಲ್ಲದೆ ಬಿಳಿ ಕೋಟು ತೊಡುವ ರೂಢಿಯೂ ಇದೆ. ಟೋಪಿ ಬೇಕೆಂದರೆ ಇರಲಿ. ಹೆಸರು ಓದುವವರಿಗೆ ಉಚ್ಚಾರಣೆ ಬರೆದುಕೊಡುವ ಚೀಟಿಯನ್ನು ತಾಲೀಮಿನಲ್ಲಿ ಹುಡುಗರಿಂದ ತುಂಬಿಸುತ್ತಾರೆ. ಅಪ್ಪ ಸಭೆಯಲ್ಲಿ ಕೂತು ಆ ಹೆಸರನ್ನು ಕೇಳುವ ಕ್ಷಣ ನಿಮ್ಮ ಒಂದು ಪುಟದ ಚಪ್ಪಾಳೆ ವರ್ಣನೆಗಿಂತ ಬಲವಾಗಿರುತ್ತದೆ.

ಅಪಘಾತವನ್ನು ತೆಗೆದುಹಾಕಿ. ಕಥೆಗೆ ಅಳು ಸಾಲದು ಎನಿಸಿದಾಗ ಲೇಖಕರು ಸಾವನ್ನು ಕರೆತರುತ್ತಾರೆ, ನಿಮಗೆ ಅದರ ಅಗತ್ಯವಿಲ್ಲ. ಸೂರ್ಯೋದಯದಿಂದ ಶುರುವಾಗುವ ಮೊದಲ ಒಂದೂವರೆ ಪುಟವೂ ಹೋಗಲಿ. ಅಪ್ಪನಿಗೆ ಶಾಲೆಯಿಂದ ಇಮೇಲ್ ಬರುವಲ್ಲಿಂದ ಆರಂಭಿಸಿ. ಈಗಿನ ಹದಿನಾಲ್ಕು ಪುಟ ಹತ್ತಕ್ಕೆ ಇಳಿಯಬೇಕು, ಅದರಲ್ಲಿ ಸಮಾರಂಭಕ್ಕೆ ಒಂದೂವರೆ ಪುಟ ಮೀರದಿರಲಿ. ತಿದ್ದಿದ ಪ್ರತಿಯ ಜೊತೆ, ಅಪ್ಪ ಬರೆದ ಪತ್ರದ ಪೂರ್ಣಪಾಠವನ್ನು ಬೇರೆ ಹಾಳೆಯಲ್ಲಿ ಬರೆದು ನಮಗಷ್ಟೇ ಕಳಿಸಿ. ಕಥೆಯೊಳಗೆ ಅದರ ಯಾವ ವಾಕ್ಯಗಳು ಉಳಿಯಬೇಕೆಂಬುದನ್ನು ಒಟ್ಟಿಗೆ ಕೂತು ಆರಿಸೋಣ.

ವಿಶ್ವಾಸದಿಂದ,
ಸಂಪಾದಕ ಬಳಗ