ನಿಮ್ಮ ಪಟ್ಟಿಯ 41ನೇ ಸಾಲು

ಮೇಷ್ಟ್ರೇ, ನಮಸ್ಕಾರ.

‘ಇಂಗ್ಲಿಷ್ ಕ್ರಿಯಾಪದಗಳು ಮತ್ತು ಅವುಗಳ ನಾಮಪದ, ಗುಣವಾಚಕ ರೂಪಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಕಳಿಸಲಾರೆ. ಕೈಬಿಡಲೂ ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂದು ಪುಟ ಪೀಠಿಕೆ, ಆಮೇಲೆ 120 ಪದಗಳ ಮೂರು ಕಾಲಂ ಪಟ್ಟಿ. ಪೀಠಿಕೆಯಲ್ಲಿ ‘ಕ್ರಿಯಾಪದಕ್ಕೆ ಶನ್ ಸೇರಿಸಿದರೆ ನಾಮಪದ, ಇವ್ ಸೇರಿಸಿದರೆ ಗುಣವಾಚಕ’ ಎಂದಿದ್ದೀರಿ. ಕ್ರಿಯೇಟ್, ಕ್ರಿಯೇಷನ್, ಕ್ರಿಯೇಟಿವ್‌ಗೆ ಅದು ಸರಿಹೋಗುತ್ತದೆ. ಮುಂದಿನ ಪುಟದಲ್ಲೇ ಅರೈವ್–ಅರೈವಲ್, ಮೂವ್–ಮೂವ್‌ಮೆಂಟ್, ಚೂಸ್–ಚಾಯ್ಸ್, ಡೈ–ಡೆತ್ ಬರುತ್ತವೆ. ನಿಯಮ ಓದಿ ಪಟ್ಟಿಗೆ ಬಂದ ಹತ್ತನೇ ತರಗತಿಯ ಹುಡುಗಿ ಯಾವುದನ್ನು ನಂಬಬೇಕು? ಡೆತ್ ಇಂಗ್ಲಿಷಿನ ಸ್ವಂತ ಹಳೆಯ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳೂ ವಿದ್ವಾಂಸರ ಲ್ಯಾಟಿನ್ ಪದಗಳೂ ತಮ್ಮ ತಮ್ಮ ಪ್ರತ್ಯಯಗಳ ಸಮೇತ ಬಂದವು. ಇಷ್ಟು ಹೇಳಿದರೂ ಆಕೆಗೆ ಅರ್ಧ ಗೊಂದಲ ಕಳೆಯುತ್ತಿತ್ತು.

ನನ್ನನ್ನು ತಡೆದು ನಿಲ್ಲಿಸಿದ್ದು 41ನೇ ಸಾಲು. ಸಕ್ಸೀಡ್, ಸಕ್ಸೆಸ್, ಸಕ್ಸೆಷನ್, ಸಕ್ಸೆಸ್‌ಫುಲ್, ಸಕ್ಸೆಸಿವ್. ಎರಡೂ ಗುಣವಾಚಕಗಳ ಎದುರು ನೀವು ಬರೆದದ್ದು ಒಂದೇ ಅರ್ಥ: ಯಶಸ್ವಿ. ಇದು ತಪ್ಪು. ‘ತ್ರೀ ಸಕ್ಸೆಸಿವ್ ಡೇಸ್’ ಎಂದರೆ ಒಂದರ ಹಿಂದೊಂದು ಬಂದ ಮೂರು ದಿನ. ಮೂರು ದಿನವೂ ಸೋತಿರಬಹುದು. ಸಕ್ಸೆಷನ್ ಎಂದರೆ ಉತ್ತರಾಧಿಕಾರ. ಮನೆಯ ಹಿರಿಯರು ತೀರಿಕೊಂಡ ಮೇಲೆ ಸಕ್ಸೆಷನ್ ಸರ್ಟಿಫಿಕೇಟಿಗಾಗಿ ಕೋರ್ಟಿಗೆ ಅಲೆದವರಿಗೆ ಆ ಪದದಲ್ಲಿ ಯಶಸ್ಸಿನ ವಾಸನೆಯೂ ಇಲ್ಲವೆಂದು ಗೊತ್ತು. ಸಕ್ಸೀಡ್‌ಗೆ ಎರಡು ಅರ್ಥ: ಒಬ್ಬರ ನಂತರ ಬರು, ಗೆಲ್ಲು. ಒಂದೊಂದು ಅರ್ಥವೂ ತನ್ನದೇ ನಾಮಪದ, ತನ್ನದೇ ಗುಣವಾಚಕ ಇಟ್ಟುಕೊಂಡಿದೆ. ಮೂಲದ ಲ್ಯಾಟಿನ್ ಪದದಲ್ಲೇ ‘ಹಿಂದೆ ಬರು’ ಎಂಬ ಅರ್ಥವಿತ್ತು. ಸಕ್ಸೆಸ್ ಕೂಡ ಮೊದಲಿಗೆ ‘ಆಮೇಲೆ ಬಂದದ್ದು’, ಅಂದರೆ ಬರೀ ಫಲ. 16ನೇ ಶತಮಾನದಲ್ಲಿ ಕೆಟ್ಟ ಸಕ್ಸೆಸ್ ಎಂದೂ ಹೇಳುತ್ತಿದ್ದರು. ಈ ಕಥೆ ನಿಮ್ಮ ಕೈಯಲ್ಲೇ ಇತ್ತು, ಕಾಲಂ ಒಳಗೆ ಉಸಿರುಗಟ್ಟಿತು. ಅಬ್ಸರ್ವ್ ಸಾಲಿನಲ್ಲೂ ಹೀಗೇ ಆಗಿದೆ: ಗಮನಿಸಿದರೆ ಅಬ್ಸರ್ವೇಷನ್, ವ್ರತ ಆಚರಿಸಿದರೆ ಅಬ್ಸರ್ವೆನ್ಸ್.

ಕ್ರಿಯಾಪದದಿಂದ ಹುಟ್ಟುವ ನಾಮಪದದ, ಅಂದರೆ ಕೃದಂತ ಭಾವನಾಮದ ಪಾಠ ಮಾಡುವವರು ನೀವು, ಅದನ್ನೇಕೆ ಮರೆತಿರಿ? ನಮ್ಮ ‘ನಡೆ’ಯಿಂದ ನಡಿಗೆಯೂ ಬಂತು, ನಡತೆಯೂ ಬಂತು. ಕಾಲಿನದು ನಡಿಗೆ, ಗುಣದ್ದು ನಡತೆ. ಆಡು ಆಟವಾಯಿತು, ಓಡು ಓಟವಾಯಿತು, ಹಾಡು ಮಾತ್ರ ಹಾಡಾಗಿಯೇ ಉಳಿಯಿತು. ಈ ಒಂದು ಪ್ಯಾರಾ ಮೊದಲು ಬಂದರೆ ಸಕ್ಸೆಸ್ ಮತ್ತು ಸಕ್ಸೆಷನ್ ಎರಡಿರುವುದು ನಮ್ಮ ಮಕ್ಕಳಿಗೆ ವಿಚಿತ್ರ ಅನ್ನಿಸುವುದಿಲ್ಲ.

‘ಕ್ರಿಯಾಪದವೇ ಎಲ್ಲಕ್ಕೂ ತಾಯಿ’ ಎಂಬ ಕೊನೆಯ ಸಾಲನ್ನು ಹೊಡೆದುಹಾಕಿದ್ದೇನೆ. ಎಡಿಟರ್ 17ನೇ ಶತಮಾನದ ಪದ. ಎಡಿಟ್ ಎಂಬ ಕ್ರಿಯಾಪದ ಅದರಿಂದಲೇ ಹುಟ್ಟಿ 18ನೇ ಶತಮಾನದ ಕೊನೆಗೆ ಬಳಕೆಗೆ ಬಂತು. ಟೆಲಿವೈಸ್ ಕೂಡ ಟೆಲಿವಿಷನ್‌ನ ಮಗುವೇ.

ಬೋರಿಂಗ್ (boring), ಬೋರ್ಡ್ (bored) ಜೋಡಿಯನ್ನು ಬಿಟ್ಟೇಬಿಟ್ಟಿದ್ದೀರಿ. ತರಗತಿಯಲ್ಲಿ ಕೂತು ‘ಐ ಆ್ಯಮ್ ಬೋರಿಂಗ್’ ಎನ್ನುವ ಹುಡುಗನಿಗೆ ‘ಬೇಸರ ತರಿಸುವ’, ‘ಬೇಸರಗೊಂಡ’ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅರೆಕ್ಷಣದಲ್ಲಿ ತಿಳಿಯುತ್ತದೆ. ಅದನ್ನು ಖಂಡಿತ ಸೇರಿಸಿ.

120ರಲ್ಲಿ ಎಂಟು ಪದ ಉಳಿಸಿಕೊಳ್ಳಿ. 41ನೇ ಸಾಲಿನಿಂದಲೇ ಶುರುಮಾಡಿ. ಪ್ರತಿ ಪದಕ್ಕೂ ನಿಮ್ಮ ತರಗತಿಯಲ್ಲಿ ಕೇಳಿದ ಒಂದು ವಾಕ್ಯ ಇರಲಿ, ಮಕ್ಕಳು ತಪ್ಪಾಗಿ ಆಡಿದ್ದಾದರೂ ಸರಿ. ತಿದ್ದಿದ ಪ್ರತಿ ಬಂದ ದಿನವೇ ಕೂತು ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ