ಭಾನುವಾರ ಎಲ್ಲಿ ಹೋಯಿತು?

ಪ್ರಶ್ನೆ: ಜುಲೈನಲ್ಲಿ ಮಗಳನ್ನು ನೋಡಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇವೆ. ಟಿಕೆಟ್‌ನಲ್ಲಿ ಬೆಂಗಳೂರು ಬಿಡುವುದು ಮಧ್ಯಾಹ್ನ 2ಕ್ಕೆ, ಅಲ್ಲಿ ಇಳಿಯುವುದು ಅದೇ ದಿನ ಸಂಜೆ 5.30ಕ್ಕೆ ಅಂತಿದೆ. ಮೂರೂವರೆ ಗಂಟೆಗೆ ಅಮೆರಿಕನಾ? ಏಜೆಂಟ್ ಏನೋ ಎಡವಟ್ಟು ಮಾಡಿರಬೇಕು, ಅಲ್ವಾ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಪಾಪ, ಏಜೆಂಟ್‌ನ ಬೈಯಬೇಡಿ. ಟಿಕೆಟ್ ಸರಿಯಾಗೇ ಇದೆ. ಅದರಲ್ಲಿ ಆಯಾ ಊರಿನ ಗಡಿಯಾರದ ಹೊತ್ತನ್ನೇ ಹಾಕುತ್ತಾರೆ. 2 ಗಂಟೆ ನಮ್ಮದು, 5.30 ಅವರದು. ಸುಮ್ನೆ ಕಳೆದರೆ ಲೆಕ್ಕ ಕೆಡುತ್ತದೆ. ಜುಲೈನಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತಾರೆ, ಹಾಗಾಗಿ ದೇವನಹಳ್ಳಿಯಿಂದ ನಿಮ್ಮ ವಿಮಾನ ಹೊರಡುವಾಗ ಮಗಳ ಮನೆಯಲ್ಲಿ ರಾತ್ರಿ 1.30, ಆಕೆಗೆ ಇನ್ನೂ ಒಳ್ಳೆ ನಿದ್ದೆ. ಅಲ್ಲಿಂದ ಸಂಜೆ 5.30ರ ತನಕ ಎಣಿಸಿ. 16 ಗಂಟೆ ಆಯಿತಾ? ನೀವು ಕೂತಿರಬೇಕಾದ್ದು ಅಷ್ಟು. ಚಳಿಗಾಲದಲ್ಲಿ ಹೋದರೆ ಅಂತರ ಹದಿಮೂರೂವರೆ ಗಂಟೆ, ಏಕೆಂದರೆ ಅಲ್ಲಿ ನವೆಂಬರ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ.

ಬರುವಾಗ ಇದೇ ಆಟ ಉಲ್ಟಾ. 2021ರಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಮೊದಲ ನೇರ ವಿಮಾನ ತಂದರಲ್ಲ, ಅದು ಅಲ್ಲಿಂದ ಹೊರಟದ್ದು ಜನವರಿ 9ರ ಶನಿವಾರ ರಾತ್ರಿ, ಇಲ್ಲಿ ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ ಅಷ್ಟೇ, ಭಾನುವಾರ ಮಾತ್ರ ಪೂರ್ತಿ ಆಕಾಶದಲ್ಲೇ ಕಳೆದುಹೋಯಿತು. ನಿಮ್ಮನ್ನು ಕರೆತರಲು ಬರುವವರಿಗೆ ಹೊರಡುವ ದಿನ ಹೇಳಬೇಡಿ, ಇಳಿಯುವ ದಿನ ಹೇಳಿ. ನಮ್ಮ ನೆಂಟರೊಬ್ಬರು ಒಂದು ದಿನ ಮೊದಲೇ ಹೋಗಿ ಕಾಫಿ ಕುಡಿದು ವಾಪಸ್ ಬಂದಿದ್ದರು.

ಪ್ರಶ್ನೆ: ಗೋಡೆಯ ಮ್ಯಾಪ್‌ನಲ್ಲಿ ಅಡ್ಡಗೆರೆ ಎಳೆದರೆ ಪೆಸಿಫಿಕ್ ಸಾಗರದ ನಡುವೆ ಹಾದುಹೋಗುತ್ತದೆ. ವಿಮಾನ ಯಾಕೆ ಉತ್ತರಕ್ಕೆ ಸುತ್ತಿಕೊಂಡು ಹೋಗಬೇಕು?
– ಓದುಗರು, ಕೋಲಾರ

ಉತ್ತರ: ಸುತ್ತು ಅದಲ್ಲ, ನಿಮ್ಮ ಅಡ್ಡಗೆರೆಯೇ ಸುತ್ತು! ಮಕ್ಕಳ ಗ್ಲೋಬ್ ಇದ್ದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಅದು ತಾನಾಗೇ ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಗೆ ಜಾರುತ್ತದೆ. ಆ ದಾರದ ಉದ್ದ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಮೇಲೆ, ಸುಮಾರು 10 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತಿರುತ್ತದೆ. ಅದು ಬೆನ್ನಿಗೆ ಸಿಕ್ಕರೆ ಲಾಭ, ಎದುರಾದರೆ ತಡ. ಅದಕ್ಕೇ ಪೈಲಟ್‌ಗಳು ದಾರದ ದಾರಿ ಬಿಟ್ಟು ಗಾಳಿ ನೋಡಿಕೊಂಡು ಹೋಗುವುದೂ ಉಂಟು, ಕಿಲೋಮೀಟರ್ ಜಾಸ್ತಿಯಾದರೂ ಹೊತ್ತು ಉಳಿಯುತ್ತದೆ.

ಪ್ರಶ್ನೆ: ಇದಕ್ಕಿಂತ ಉದ್ದದ ಪ್ರಯಾಣ ಇದೆಯಾ?
– ಓದುಗರು, ತುಮಕೂರು

ಉತ್ತರ: ಇದೆ. ಸಿಂಗಾಪುರದಿಂದ ನ್ಯೂಯಾರ್ಕ್, 15,300 ಕಿ.ಮೀ.ಗೂ ಜಾಸ್ತಿ. ಹದಿನೆಂಟಕ್ಕೂ ಹೆಚ್ಚು ಗಂಟೆ ಒಂದೇ ಸೀಟು. ನನ್ನನ್ನಂತೂ ಕರೆಯಬೇಡಿ.